ನಿದ್ದೆ ಕದಿಯುವ ಮುದುಕಿಯ ಮುಖ

ಮೂರನೆಯ ಸಲವೂ ಮುದುಕಿ ವಾಪಸ್ಸು ಬಂದಳು.

ಕಾಗದದ ಮೇಲಿನ ಮುದುಕಿ. ಮಕ್ಕಳ ಪುಸ್ತಕವೊಂದಕ್ಕೆ ಚಿತ್ರ ಬರೆದುಕೊಡಲು ಒಪ್ಪಿಕೊಂಡಿದ್ದ ಚಿತ್ರದಕ್ಕ ಎರಡು ತಿಂಗಳಿಂದ ಅವಳ ಬೆನ್ನು ಬಿದ್ದಿದ್ದಳು. ಕಥೆ ಪುಟ್ಟದು. ಕತ್ತಲಾದ ಮೇಲೆ ಒಬ್ಬ ಮುದುಕಿ ಕಿಟಕಿಯಿಂದ ಒಳಗೆ ಬರುತ್ತಾಳೆ, ಮಲಗಿದ ಮಕ್ಕಳ ಕಣ್ಣಂಚಿನಿಂದ ನಿದ್ದೆಯನ್ನು ನೂಲಿನ ಹಾಗೆ ಎಳೆದು, ಉಂಡೆ ಸುತ್ತಿ, ಚೀಲಕ್ಕೆ ಹಾಕಿಕೊಂಡು ಹೊರಟುಹೋಗುತ್ತಾಳೆ. ಕೊನೆಗೊಬ್ಬಳು ಹುಡುಗಿ ನೂಲಿನ ತುದಿ ಹಿಡಿದು ಅವಳ ಹಿಂದೆಯೇ ಹೋಗಿ ಎಲ್ಲರ ನಿದ್ದೆಯನ್ನೂ ಬಿಡಿಸಿಕೊಂಡು ಬರುತ್ತಾಳೆ. ಮುದುಕಿ ನೋಡಲು ಹೇಗಿದ್ದಳು ಎಂದು ಕಥೆ ಬರೆದವರು ಒಂದು ಸಾಲೂ ಬರೆದಿರಲಿಲ್ಲ. ಅದು ಚಿತ್ರ ಬರೆಯುವವರ ತಲೆನೋವು.

"ಬೇಜಾರು ಮಾಡ್ಕೋಬೇಡಿ," ಎಂದಳು ಸಂಪಾದಕಿ ಫೋನಿನಲ್ಲಿ. "ನಿಮ್ಮ ಮುದುಕೀನ ನೋಡಿದ್ರೆ ಹೆದರಿಕೆ ಆಗಲ್ಲ, ಪಾಪ ಅನ್ಸುತ್ತೆ. ಕರೆದು ಕೂರಿಸಿ ಒಂದು ಲೋಟ ಟೀ ಕೊಡೋಣ ಅನ್ಸುತ್ತೆ. ಮುಂದಿನ ವಾರದೊಳಗೆ ಒಂದು ಮುಖ ಸಿಗದಿದ್ರೆ ನಾನು ಬೇರೆಯವರನ್ನ ಕೇಳಬೇಕಾಗುತ್ತೆ. ನನ್ನ ಮೇಲೂ ಮೇಲಿನವರಿದ್ದಾರಲ್ಲ."

ಚಿತ್ರದಕ್ಕ ಫೋನಿಟ್ಟಳು. ಬೇರೆಯವರು ಎಂದರೆ ಯಾರು ಎಂಬುದು ಅವಳಿಗೆ ಗೊತ್ತಿತ್ತು. ಇಪ್ಪತ್ತೈದರ ಹುಡುಗರು, ಬೆಳಗ್ಗೆ ಕೇಳಿದರೆ ಮಧ್ಯಾಹ್ನದೊಳಗೆ ಐದು ಮುದುಕಿಯರನ್ನು ಕಳಿಸಿಬಿಡುವಂಥವರು. ಅವಳಿಗೆ ನಲವತ್ತಾರು. ಕಚೇರಿಯಿಲ್ಲ, ಸಹೋದ್ಯೋಗಿಗಳಿಲ್ಲ. ಕೈಯಲ್ಲಿ ಕೆಲಸವಿಲ್ಲದಾಗ ಕೆಲಸವಿಲ್ಲವಲ್ಲ ಎಂಬ ಚಿಂತೆ, ಇದ್ದಾಗ ಇದೇ ಕೊನೆಯದೇನೋ ಎಂಬ ಚಿಂತೆ. ಎರಡನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ. ಕಿಟಕಿಯ ಪಕ್ಕ ಅವಳ ಮೇಜು. ಮೇಜಿನ ಮೇಲೆ ಒಂದು ಲೋಟ ಬಣ್ಣದ ನೀರು, ಒಂದು ಲೋಟ ಚಹಾ. ಎರಡನ್ನೂ ಅದಲುಬದಲು ಮಾಡಿ ಕುಡಿದದ್ದೂ ಉಂಟು, ಕುಂಚ ಅದ್ದಿದ್ದೂ ಉಂಟು. ಕಟ್ಟಡದವರೆಲ್ಲ ಅವಳನ್ನು ಚಿತ್ರದಕ್ಕ ಎಂದೇ ಕರೆಯುತ್ತಿದ್ದರು.

ಮನೆಯಲ್ಲಿ ಇನ್ನೊಬ್ಬರಿದ್ದದ್ದು ಅಮ್ಮ. ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿ ನಿವೃತ್ತಿಯಾದವಳು. ಈಗಲೂ ಯಾರಾದರೂ ಮಾತು ಶುರುಮಾಡಿದರೆ ಬೆನ್ನು ನೆಟ್ಟಗೆ ಮಾಡಿ, ತಲೆ ಒಂದಿಷ್ಟು ಓರೆ ಮಾಡಿ ಕೇಳುತ್ತಾಳೆ.

"ಮತ್ತೆ ಬೇಡ ಅಂದ್ರಾ?"

"ಮತ್ತೆ."

"ನಿನ್ನ ಸೋದರತ್ತೆ ಮುಖ ಬರಿ. ನಾನು ಮದುವೆಯಾಗಿ ಬಂದ ದಿನದಿಂದ ನನ್ನ ನಿದ್ದೆ ಕೆಡಿಸಿದ್ದು ಅವಳೇ."

ತಮಾಷೆ ಎಂದು ಬಿಟ್ಟುಬಿಡುವಂಥ ಸಲಹೆಯಲ್ಲ ಅದು. ಚಿತ್ರದಕ್ಕ ಮುಖಗಳನ್ನು ಎಂದೂ ತಲೆಯಿಂದ ಹುಟ್ಟಿಸಿದವಳಲ್ಲ. ಬಸ್ಸಿನಲ್ಲಿ ಎದುರು ಕೂತವರ ಮೂಗು, ಬ್ಯಾಂಕಿನ ಗುಮಾಸ್ತನ ಗದ್ದ, ಅಂಗಡಿಯ ಮುಂದೆ ಚೌಕಾಸಿ ಮಾಡುವ ಹೆಂಗಸಿನ ಹುಬ್ಬು, ಎಲ್ಲ ಅಂಗೈಯಗಲದ ಪುಸ್ತಕಕ್ಕೆ ಇಳಿಯುತ್ತಿದ್ದವು. ಅವಳು ಬರೆದ ರಾಜ ನಿಜವಾಗಿ ಪಕ್ಕದ ಬೀದಿಯ ಕ್ಷೌರಿಕ. ಅವಳ ಹುಲಿಯ ಕಣ್ಣು ಕಟ್ಟಡದ ಕಾವಲುಗಾರನದು. ಇದುವರೆಗೆ ಯಾರೂ ಗುರುತು ಹಿಡಿದಿರಲಿಲ್ಲ.

ಅತ್ತೆಯ ಮುಖ ಬರೆದು ನೋಡಿದಳು. ಕೋಪ ಬಂತು, ಭಯ ಬರಲಿಲ್ಲ.

ಇನ್ನು ನಾಲ್ಕು ದಿನ ಉಳಿದಿತ್ತು. ಮಧ್ಯಾಹ್ನ ಕೂತಲ್ಲಿ ಕೂರಲಾರದೆ, ಜಿಪ್ ಕಿತ್ತುಹೋದ ತನ್ನ ಕೋಟನ್ನು ಎತ್ತಿಕೊಂಡು ಚಿತ್ರದಕ್ಕ ಕೆಳಗಿಳಿದಳು. ನೆಲಮಹಡಿಯಲ್ಲಿ ಟೈಲರಮ್ಮನ ಅಂಗಡಿ. ಅರವತ್ತೆಂಟು ದಾಟಿದ ಹೆಂಗಸು. ಶಾಲೆಯ ಸಮವಸ್ತ್ರ, ಪ್ಯಾಂಟಿನ ಅಂಚು, ಕೋಟಿನ ಒಳಬಟ್ಟೆ, ಏನೇ ಆದರೂ ಬೀದಿಗೆಲ್ಲ ಅವಳೇ. ಅಮ್ಮನಿಗೆ ಅವಳು ಜೀವದ ಗೆಳತಿ. ದಿನಾ ಊಟವಾದ ಮೇಲೆ ಅಮ್ಮ ಅಂಗಡಿಯ ಸ್ಟೂಲಿನ ಮೇಲೆ ಒಂದು ಗಂಟೆ ಕೂತು ಬಾರದಿದ್ದರೆ ಇಬ್ಬರಿಗೂ ಊಟ ಅರಗುತ್ತಿರಲಿಲ್ಲ.

ಅವತ್ತು ಅಮ್ಮ ಔಷಧಿ ತರಲು ಹೋಗಿದ್ದಳು, ಕರೆಂಟೂ ಹೋಗಿತ್ತು. ಟೈಲರಮ್ಮ ಬಾಗಿಲಿಗೆ ಓರೆಯಾಗಿ ಹಿಂದಿನ ಕಿಟಕಿಯ ಹತ್ತಿರ ಬಗ್ಗಿ ಕೂತಿದ್ದಳು. ಕಿಟಕಿಯ ಬೆಳಕು ಬಿದ್ದ ಮುಖ ಮಾತ್ರ ಕಾಣುತ್ತಿತ್ತು. ತುಟಿಗಳ ನಡುವೆ ಏಳೆಂಟು ಗುಂಡುಪಿನ್ನುಗಳು ಹಲ್ಲು ಕಿಸಿದಂತೆ ಹೊರಗೆ ಚಾಚಿದ್ದವು. ಒಂದು ಕಣ್ಣು ಪೂರ್ತಿ ಮುಚ್ಚಿತ್ತು, ಇನ್ನೊಂದು ಅಗಲವಾಗಿ ತೆರೆದಿತ್ತು. ಎತ್ತಿ ಹಿಡಿದ ಕೈಯಲ್ಲಿ ಕಾಣದಷ್ಟು ಸಣ್ಣ ದಾರ. ಅದನ್ನು ಅವಳು ಗಾಳಿಯಿಂದಲೇ ಎಳೆಯುತ್ತಿರುವಂತಿತ್ತು. ಆ ತೆರೆದ ಕಣ್ಣಿನಲ್ಲಿದ್ದ ತೀಕ್ಷ್ಣತೆ, ಹಸಿವೋ ಹಟವೋ ಏನದು, ಚಿತ್ರದಕ್ಕನ ಮೈಮೇಲೆ ಮುಳ್ಳೆಬ್ಬಿಸಿತು.

ಸಿಕ್ಕಿದಳು.

ಕೋಟನ್ನು ಸ್ಟೂಲಿನ ಮೇಲೆ ಹಾಕಿ, "ಜಿಪ್ ಹಾಕಿಡಿ ಟೈಲರಮ್ಮ," ಎಂದಷ್ಟೇ ಕೂಗಿ, ಉತ್ತರಕ್ಕೂ ಕಾಯದೆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಸಂಜೆ ದೀಪ ಹಾಕುವ ಹೊತ್ತಿಗೆ ಮುದುಕಿ ಕಾಗದದ ಮೇಲಿದ್ದಳು. ಅಳಿಸಿ ತಿದ್ದುವ ಕೆಲಸವೇ ಬರಲಿಲ್ಲ. ಅಂಥದ್ದು ಚಿತ್ರದಕ್ಕನ ಇಪ್ಪತ್ತು ವರ್ಷದ ದುಡಿಮೆಯಲ್ಲಿ ಮೂರೋ ನಾಲ್ಕೋ ಸಲ ಆಗಿತ್ತು.

ಸಂಪಾದಕಿ ಹತ್ತೇ ನಿಮಿಷಕ್ಕೆ ಫೋನ್ ಮಾಡಿದಳು. "ಎಲ್ಲಿಂದ ಹಿಡ್ಕೊಂಡು ಬಂದ್ರಿ ಇವಳನ್ನ? ನನ್ನ ಮೈ ಜುಂ ಅಂತು!"

"ಹೀಗೇ... ಹೊಳೀತು," ಎಂದಳು ಚಿತ್ರದಕ್ಕ.

ಐದು ವಾರಗಳಲ್ಲಿ ಇಪ್ಪತ್ತನಾಲ್ಕು ಪುಟಗಳು ಮುಗಿದವು. ಬಣ್ಣ ಒಣಗಲು ಕೊನೆಯ ಪುಟವನ್ನು ಮೇಜಿನ ಮೇಲೆ ಹರಡಿ ಅವಳು ಮುಖ ತೊಳೆಯಲು ಹೋಗಿದ್ದಾಗ ಅಮ್ಮನ ದನಿ ಕೇಳಿತು.

"ಅಯ್ಯೋ, ಇದು ನಮ್ಮ ಟೈಲರಮ್ಮ ಅಲ್ವೇನೆ!"

ಚಿತ್ರದಕ್ಕ ಒದ್ದೆ ಮುಖದಲ್ಲೇ ಓಡಿಬಂದಳು. "ಎಲ್ಲಿ? ಏನಮ್ಮ ನೀನು. ಮೂಗು ಬೇರೆ, ಕೂದಲು ಬೇರೆ..."

"ಮೂಗು ಬೇರೆ ಇರಬಹುದು, ಕೂತಿರೋದು ಅವಳೇ. ಬಾಯಲ್ಲಿ ಪಿನ್ನು ಬೇರೆ." ಅಮ್ಮ ಚಿತ್ರದಿಂದ ಕಣ್ಣು ತೆಗೆಯಲಿಲ್ಲ. "ಅವಳಿಗೆ ಹೇಳಿದ್ದೀಯಾ?"

"ಇಲ್ಲ."

"ಹಾಗಾದ್ರೆ ಈಗ್ಲೇ ಹೋಗಿ ಹೇಳು. ಇವತ್ತು ಹೇಳಿದ್ರೆ ಮಾತು, ನಾಳೆ ಗೊತ್ತಾದ್ರೆ ಜಗಳ. ಅವಳ ಮೊಮ್ಮಗಳು ಎರಡನೇ ಕ್ಲಾಸು. ಈ ಪುಸ್ತಕ ಓದೋರು ಯಾರು ಮತ್ತೆ? ನಾನಾ?"

ಚಿತ್ರದಕ್ಕನಿಗೆ ಅದುವರೆಗೆ ಆ ಮೊಮ್ಮಗಳ ನೆನಪೇ ಬಂದಿರಲಿಲ್ಲ. ಚಿನಕುರಳಿ ಎಂದು ಬೀದಿಯೆಲ್ಲ ಕರೆಯುವ ಹುಡುಗಿ. ಶಾಲೆ ಬಿಟ್ಟೊಡನೆ ಅಂಗಡಿಗೆ ಬಂದು ಕತ್ತರಿಸಿ ಬಿದ್ದ ಬಟ್ಟೆ ಚೂರುಗಳ ರಾಶಿಯಲ್ಲಿ ಕೂತು ಅಪ್ಪ ಅಮ್ಮ ಕೆಲಸದಿಂದ ಬರುವವರೆಗೆ ವಟವಟ ಮಾತಾಡುವವಳು. ಚಿತ್ರದಕ್ಕ ಸಂಪಾದಕಿಗೆ ಫೋನ್ ಮಾಡಿ, ಮುಖವನ್ನು ಸ್ವಲ್ಪ ಬದಲಾಯಿಸಬಹುದೇ ಎಂದು ಕೇಳಿದಳು.

"ಸೋಮವಾರ ಅಚ್ಚಿಗೆ ಹೋಗುತ್ತೆ! ಪುಸ್ತಕ ನಿಂತಿರೋದೇ ಆ ಮುಖದ ಮೇಲೆ. ದಯವಿಟ್ಟು ಮುಟ್ಟಬೇಡಿ."

ಆಗಲಿ ಎಂದು ಫೋನಿಟ್ಟಳು. ನಿಜ ಹೇಳಬೇಕೆಂದರೆ ಅವಳ ಎದೆ ಹಗುರಾದದ್ದೂ ಆಗಲೇ. ಬದಲಾಯಿಸಲು ಅವಳಿಗೂ ಮನಸ್ಸಿರಲಿಲ್ಲ. ಕೇಳಿದ ಶಾಸ್ತ್ರ ಮುಗಿದಿತ್ತು, ಅಷ್ಟೆ. ಆ ಹಗುರ ಒಂದು ರಾತ್ರಿಯೂ ಬಾಳಲಿಲ್ಲ. ಬೆಳಗ್ಗೆ ಹಾಲು ತರಲು ಇಳಿದಾಗ ಟೈಲರಮ್ಮ ಅಂಗಡಿಯ ಬಾಗಿಲೆತ್ತುತ್ತಾ, "ಚೆನ್ನಾಗಿದ್ದೀಯಾ ಮಗಳೇ?" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಚಿತ್ರದಕ್ಕನ ಹೆಗಲನ್ನು ಚೆನ್ನಾಗಿದ್ದೀಯಾ ಎಂಬ ಮಾತೇ ಮುಟ್ಟಿಸಿತು. ಏನೋ ಒಂದು ಗೊಣಗಿ ಮೇಲೆ ಹತ್ತಿದಳು.

ಅಂದಿನಿಂದ ಅವಳು ಹಿಂದಿನ ಮೆಟ್ಟಿಲಿನಿಂದ, ಕಸದ ಡಬ್ಬಿಗಳ ಸಂದಿಯಿಂದ ಓಡಾಡತೊಡಗಿದಳು. ಕೋಟು ಅಂಗಡಿಯಲ್ಲೇ ಉಳಿಯಿತು. ಚಳಿ ಬಂದಾಗ ಎರಡು ಸ್ವೆಟರ್ ಒಂದರ ಮೇಲೊಂದು ಹಾಕಿಕೊಂಡಳು. ಹರಿದ ಪ್ಯಾಂಟನ್ನು ಮೂರು ಬಸ್ ನಿಲ್ದಾಣ ದಾಟಿ ಯಾರೋ ಗುರುತಿಲ್ಲದ ದರ್ಜಿಗೆ ಕೊಟ್ಟಳು; ಅವನು ಒಂದು ಕಾಲನ್ನು ಗಿಡ್ಡ ಮಾಡಿಟ್ಟ. ಹೊಸ ಕೆಲಸಕ್ಕೆ ಕೂತರೆ ಮೆಟ್ಟಿಲ ಮೇಲಿನ ಪ್ರತಿ ಹೆಜ್ಜೆಗೂ ಪೆನ್ಸಿಲ್ ನಿಲ್ಲುತ್ತಿತ್ತು. ಇನ್ನೂ ದೊಡ್ಡ ಪೆಟ್ಟೆಂದರೆ, ಬಸ್ಸಿನಲ್ಲಿ ಯಾರ ಮುಖ ನೋಡಿದರೂ ಅವರು ತಿರುಗಿ ನೋಡಿಬಿಟ್ಟರೆ ಎಂದು ಅಂಜಿಕೆಯಾಗಿ, ಅಂಗೈಯಗಲದ ಪುಸ್ತಕ ಚೀಲದಿಂದ ಹೊರಗೇ ಬಾರದಾಯಿತು. ಮಾವಿನಕಾಯಿ, ಕೊಡೆ, ಬಕೆಟ್ಟು ಇಂಥ ಮುಖವಿಲ್ಲದ ಚಿತ್ರಗಳ ಕೆಲಸವನ್ನಷ್ಟೇ ಒಪ್ಪಿಕೊಂಡಳು.

"ನಿನ್ನ ಮಗಳಿಗೆ ನನ್ನ ಮೇಲೆ ಏನು ಕೋಪ ಅಂತ ಟೈಲರಮ್ಮ ಕೇಳ್ತಾಳೆ," ಎಂದಳು ಅಮ್ಮ ಒಂದು ದಿನ. "ಏನು ಹೇಳಲಿ?"

"ಕೆಲಸ ಜಾಸ್ತಿ ಅನ್ನು."

"ಮೂವತ್ತು ವರ್ಷ ಊರ ಗುಟ್ಟೆಲ್ಲ ಈ ಕಿವಿಯಲ್ಲಿ ಹಾದು ಹೋಗಿದೆ, ಒಂದೂ ಬಾಯಿಗೆ ಬಂದಿಲ್ಲ. ಇದೊಂದು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿದೆ ನೋಡು."

ಕೊನೆಗೆ ಟೈಲರಮ್ಮನೇ ಎರಡು ಮಹಡಿ ಹತ್ತಿ ಬಂದಳು. ಏದುಸಿರು ಬಿಡುತ್ತಾ, ಮೆಟ್ಟಿಲ ಕಂಬಿ ಹಿಡಿದು ನಿಂತು, ಇಸ್ತ್ರಿ ಮಾಡಿದ ಕೋಟನ್ನು ಚಾಚಿದಳು. "ನಾಲ್ಕು ತಿಂಗಳಾಯ್ತು ಮಗಳೇ, ಚಳಿ ಮುಗಿಯೋಕೆ ಬಂತು. ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಬೈದುಬಿಡು. ಹೀಗೆ ಮುಖ ತಪ್ಪಿಸಿಕೊಂಡು ಓಡಾಡಬೇಡ."

ಮುಖ ಎಂಬ ಮಾತಿಗೆ ಚಿತ್ರದಕ್ಕ ಕೋಟನ್ನು ಇಸಿದುಕೊಂಡು ಎದೆಗೊತ್ತಿಕೊಂಡಳು. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೂ ಅವಳು, "ಅಯ್ಯೋ, ಹಾಗೇನಿಲ್ಲ ಟೈಲರಮ್ಮ, ಕೆಲಸ..." ಎಂದಳು. ಟೈಲರಮ್ಮ ತಲೆಯಾಡಿಸಿ, ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ತಡವುತ್ತಾ ಇಳಿದುಹೋದಳು.

ಪುಸ್ತಕ ಬಂತು. ಅಂಗಡಿಗಳ ಗಾಜಿನ ಹಿಂದೆ ಮುದುಕಿ ಪಿನ್ನು ಕಚ್ಚಿ ಕೂತಳು. ಪತ್ರಿಕೆಯೊಂದು, ಈಚೆಗೆ ಮಕ್ಕಳ ಪುಸ್ತಕದಲ್ಲಿ ಇಷ್ಟು ಜೀವಂತ ಮುಖ ನೋಡಿಲ್ಲ ಎಂದು ಬರೆಯಿತು. ಚಿತ್ರದಕ್ಕ ಆ ಪತ್ರಿಕೆಯನ್ನು ನಾಲ್ಕಾಗಿ ಮಡಿಚಿ ಕಪಾಟಿನ ತಳಕ್ಕೆ ತಳ್ಳಿದಳು. ಎರಡು ವಾರದ ಮೇಲೆ ಪಕ್ಕದ ಬೀದಿಯ ಶಾಲೆಯಿಂದ ಟೀಚರ್ ಫೋನ್ ಮಾಡಿದರು. ಎರಡನೇ ತರಗತಿಯವರಿಗೆ ಪುಸ್ತಕ ಓದಿ ಹೇಳಿದ್ದಾಗಿದೆ, ಮಕ್ಕಳು ಚಿತ್ರ ಬರೆದವರನ್ನು ನೋಡಬೇಕಂತೆ, ಶುಕ್ರವಾರ ಬರುತ್ತೀರಾ?

"ಈ ವಾರ ಆಗಲ್ಲ," ಎಂದಳು ತಕ್ಷಣ. ಅದೇ ಸಂಜೆ ಅಮ್ಮ ಕೆಳಗಿನಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದಳು.

"ಮೂರು ದಿನದಿಂದ ಚಿನಕುರಳಿ ಅಂಗಡಿಗೆ ಬರ್ತಿಲ್ಲ. ತಲೆನೋವು ಅಂತ ಸೀದಾ ಮನೆಗೆ ಹೋಗಿ ಬೀಗದ ಬಾಗಿಲ ಮುಂದೆ ಮೆಟ್ಟಿಲ ಮೇಲೆ ಕೂತಿರ್ತಾಳಂತೆ. ಅಜ್ಜಿ ಕರೆದ್ರೆ ಅಳ್ತಾಳಂತೆ. ಯಾಕೆ ಅಂತ ಆಯಮ್ಮನಿಗೆ ಗೊತ್ತಿಲ್ಲ." ಅಮ್ಮ ಮಗಳತ್ತ ನೋಡಿದಳು. "ನನಗೆ ಗೊತ್ತು. ನಿನಗೂ ಗೊತ್ತು."

ಚಿತ್ರದಕ್ಕ ಎದ್ದು ಟೀಚರಿಗೆ ಫೋನ್ ಮಾಡಿದಳು. ಶುಕ್ರವಾರ ಬರುತ್ತೇನೆ ಎಂದಳು.

ತರಗತಿಯಲ್ಲಿ ಮೂವತ್ತು ಮಕ್ಕಳು ನೆಲದ ಮೇಲೆ ಚಾಪೆ ಹಾಸಿ ಕೂತಿದ್ದರು. ಚಿನಕುರಳಿ ಕೊನೆಯ ಸಾಲಿನಲ್ಲಿ, ಗೋಡೆಗೆ ಒತ್ತಿಕೊಂಡು, ಮೊಣಕಾಲಿನ ನಡುವೆ ಗದ್ದ ಇಟ್ಟಿದ್ದಳು. ಅವಳ ಪಕ್ಕ ಒಬ್ಬರು ಕೂರುವಷ್ಟು ಜಾಗ ಖಾಲಿ ಬಿದ್ದಿತ್ತು. ಚಿತ್ರದಕ್ಕ ಬೋರ್ಡಿನ ಮೇಲೆ ಆನೆ ಬರೆದಳು, ಬೆಕ್ಕು ಬರೆದಳು. ಸೀಮೆಸುಣ್ಣ ಬೆವರಿಗೆ ಒದ್ದೆಯಾಗಿ ಎರಡು ಸಲ ಜಾರಿಬಿತ್ತು. ಪ್ರಶ್ನೆ ಕೇಳಬಹುದು ಎಂದು ಟೀಚರ್ ಹೇಳುವುದೇ ತಡ, ಮುಂದಿನ ಸಾಲಿನಿಂದ ಹಲ್ಲುಬಿದ್ದ ಹುಡುಗಿಯೊಬ್ಬಳು ಎದ್ದಳು.

"ಆ ಮುದುಕಿ ನಿಜವಾಗ್ಲೂ ಇದ್ದಾಳಾ?"

"ಇದ್ದಾಳೆ! ಇವಳ ಅಜ್ಜಿ!" ಎಂದು ನಾಲ್ಕೈದು ಬೆರಳುಗಳು ಗೋಡೆಯ ಕಡೆ ತಿರುಗಿದವು.

ಇಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಮುದುಕಿಯೂ ಇಲ್ಲ, ಏನೂ ಇಲ್ಲ, ಬರೀ ಬಣ್ಣ. ಆದರೆ ಚಿನಕುರಳಿ ತಲೆಯೆತ್ತಿ ನೋಡುತ್ತಿದ್ದಳು. ತನ್ನ ಅಜ್ಜಿ ಕೂರುವ ರೀತಿ ಅವಳಿಗೆ ಗೊತ್ತಿಲ್ಲವೇ? ಸುಳ್ಳು ಹೇಳಿದರೆ ತರಗತಿ ನಂಬೀತು, ಆ ಒಬ್ಬಳು ನಂಬಲಾರಳು.

"ನಿದ್ದೆ ಕದಿಯೋ ಮುದುಕಿ ಎಲ್ಲೂ ಇಲ್ಲ," ಎಂದಳು ಚಿತ್ರದಕ್ಕ. "ಆದ್ರೆ ಮುಖ ಇದೆ. ಆ ಮುಖ ನಾನು ಒಬ್ರಿಂದ ತಗೊಂಡೆ. ಅವರು ಯಾರ ನಿದ್ದೇನೂ ಕದಿಯಲ್ಲ. ನೀವು ಹಾಕ್ಕೊಂಡಿರೋ ಯೂನಿಫಾರಂ ಹೊಲೀತಾರೆ. ಅವರು ಕೆಲಸ ಮಾಡ್ತಿದ್ದಾಗ ನಾನು ನೋಡಿ, ಅವರನ್ನ ಒಂದು ಮಾತೂ ಕೇಳದೆ ಬರೆದುಬಿಟ್ಟೆ."

ಹಲ್ಲುಬಿದ್ದವಳು ತೀರ್ಪು ಕೊಟ್ಟಳು: "ಹಾಗಾದ್ರೆ ಕಳ್ಳಿ ನೀವೇ!"

ತರಗತಿ ಗೊಳ್ಳೆಂದು ನಕ್ಕಿತು. ಟೀಚರ್ ಗಾಬರಿಯಾಗಿ ಎದ್ದರು. ಚಿತ್ರದಕ್ಕ ಅವರನ್ನು ತಡೆದು, "ಹೌದು," ಎಂದಳು. "ನಾನೇ."

ಚಿನಕುರಳಿ ನಗಲಿಲ್ಲ. ಕೂತಲ್ಲಿಂದಲೇ ಕೇಳಿದಳು: "ನಮ್ಮಜ್ಜಿಗೆ ಹೇಳಿದ್ದೀರಾ?"

"ಇಲ್ಲ ಪುಟ್ಟ."

"ಹೇಳಿ."

ಶಾಲೆಯಿಂದ ಅಂಗಡಿಗೆ ಐದು ನಿಮಿಷದ ದಾರಿ. ಚಿತ್ರದಕ್ಕ ಅದನ್ನು ಅರ್ಧ ಗಂಟೆ ನಡೆದಳು. ಅಂಗಡಿಯೊಳಗೆ ಅಮ್ಮನೂ ಇದ್ದಳು. ಮಗಳ ಕೈಯಲ್ಲಿ ಪುಸ್ತಕ ಕಂಡದ್ದೇ ಸ್ಟೂಲಿನಿಂದ ಎದ್ದು ಅಂಗಡಿಯ ಹೊರಗೆ ಹೋಗಿ ನಿಂತಳು. ಚಿತ್ರದಕ್ಕ ನಿಂತುಕೊಂಡೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಕೋಟಿನ ದಿನ, ಅಮ್ಮ ಹೇಳು ಎಂದಿದ್ದು, ಹಿಂದಿನ ಮೆಟ್ಟಿಲು, ಚಿನಕುರಳಿಯ ಅಳು.

ಟೈಲರಮ್ಮ ಕತ್ತರಿಯನ್ನು ಕೆಳಗಿಟ್ಟು ಪುಸ್ತಕ ಇಸಿದುಕೊಂಡಳು. ಬಾಗಿಲ ಬೆಳಕಿಗೆ ಬಂದು, ಕಣ್ಣಿಗೆ ತೀರ ಹತ್ತಿರ ಹಿಡಿದು, ಒಂದೊಂದೇ ಪುಟ ತಿರುವಿದಳು. ಇಪ್ಪತ್ತನಾಲ್ಕು ಪುಟ. ಬೀದಿಯಲ್ಲಿ ಮೂರು ಬಸ್ಸು ಹೋದವು.

"ಚೆನ್ನಾಗಿ ಬರೆದಿದ್ದೀಯ," ಎಂದಳು ಕೊನೆಗೆ. "ಅದೇ ಸಂಕಟ. ಕೆಟ್ಟದಾಗಿದ್ದಿದ್ರೆ ನಕ್ಕು ಸುಮ್ಮನಾಗ್ತಿದ್ದೆ."

ಅವಳು ಮತ್ತೆ ಪಿನ್ನು ಕಚ್ಚಿದ ಮುದುಕಿಯ ಪುಟಕ್ಕೆ ತಿರುವಿದಳು.

"ಆವತ್ತು ನಾನು ಹೀಗೇ ಕೂತಿದ್ನಾ?" ಟೈಲರಮ್ಮ ಆ ತೆರೆದ ಕಣ್ಣಿನ ಮೇಲೆ ಬೆರಳಿಟ್ಟಳು. "ಕರೆಂಟು ಹೋಗಿದ್ದ ದಿನ ನೆನಪಿದೆ. ಆವತ್ತೇ ಮೊದಲನೇ ಸಲ ನನಗೆ ಸೂಜಿಗೆ ದಾರ ಹಾಕೋಕಾಗಲಿಲ್ಲ. ಈ ಕಣ್ಣು ಮುಚ್ಚಿದೆ, ಆ ಕಣ್ಣು ಮುಚ್ಚಿದೆ. ಕೈಯಲ್ಲಿ ದಾರ ಇದೆ ಅಂತ ಬೆರಳಿಗೆ ಗೊತ್ತು, ಕಣ್ಣಿಗೆ ಕಾಣ್ತಿಲ್ಲ. ಕಣ್ಣು ಹೋದ್ರೆ ನನ್ನ ಗತಿ ಏನು ಅಂತ ಜೀವ ಬಾಯಿಗೆ ಬಂದಿತ್ತು. ಯಾರಿಗೂ ಹೇಳಿಲ್ಲ. ನಿಮ್ಮಮ್ಮನಿಗೂ ಇಲ್ಲ." ಪುಸ್ತಕ ಮುಚ್ಚಿದಳು. "ನೀನು ಬರೆದಿರೋದು ನನ್ನ ಭಯ ಮಗಳೇ. ಅದನ್ನ ಮಕ್ಕಳನ್ನ ಹೆದರಿಸೋಕೆ ಇಟ್ಟಿದ್ದೀಯ."

ಜನರನ್ನು ನೋಡುವುದೇ ತನ್ನ ಕಸುಬು ಎಂದು ಬೀಗುತ್ತಿದ್ದವಳು ಚಿತ್ರದಕ್ಕ. ಮೂರು ಮಾರು ದೂರದಲ್ಲಿ ನಿಂತು ಹುಬ್ಬು, ಪಿನ್ನು, ಬೆರಳಿನ ಗೆಣ್ಣು ಎಲ್ಲ ನೋಡಿದ್ದಳು. ಹೆದರಿ ಕೂತ ಹೆಂಗಸನ್ನು ನೋಡಿರಲಿಲ್ಲ. ಮೆಟ್ಟಿಲನ್ನು ಕಾಲಿನಿಂದ ತಡವಿ ಇಳಿದಾಗಲೂ ನೋಡಿರಲಿಲ್ಲ.

"ನಾನೇನು ಮಾಡಲಿ ಟೈಲರಮ್ಮ?"

"ಮುಂದಿನ ಸಲ ಅಚ್ಚು ಹಾಕುವಾಗ ನನ್ನನ್ನ ಅಲ್ಲಿಂದ ತೆಗೆದುಬಿಡು."

ಬಾಗಿಲ ಹೊರಗಿದ್ದ ಅಮ್ಮ ಇಷ್ಟೂ ಹೊತ್ತು ತಲೆ ಓರೆ ಮಾಡಿ ಕೇಳುತ್ತಿದ್ದಳು. ಈಗ ಒಳಗೆ ನುಗ್ಗಿದಳು. "ಕಣ್ಣು ಕಾಣದೆ ಆರು ತಿಂಗಳಾಯ್ತಾ? ದಿನಾ ಎದುರಿಗೆ ಕೂತು ಹರಟೆ ಹೊಡೀತೀನಿ, ನನಗೊಂದು ಮಾತು ಹೇಳಲಿಲ್ಲ! ಗೆಳತಿಯಂತೆ ಗೆಳತಿ!" ಎಂದು ಅಳುತ್ತಲೇ ಬೈದಳು. ಟೈಲರಮ್ಮನೂ ಬಿಡಲಿಲ್ಲ. "ನೀನು ಹೇಳಿದ್ಯಾ? ಪುಸ್ತಕದ ವಿಷಯ ಗೊತ್ತಿದ್ದೂ ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಲ್ಲ!" ಇಬ್ಬರೂ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಊಟವಾದೊಡನೆ ಅಮ್ಮ ಕೆಳಗಿಳಿದಳು.

ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದದ್ದು ಚಿತ್ರದಕ್ಕ. ಪೊರೆ ಬಂದಿದೆ, ತೆಗೆದರೆ ಸರಿಹೋಗುತ್ತದೆ, ಇಷ್ಟು ದಿನ ಯಾಕೆ ಬಿಟ್ಟಿರಿ ಎಂದರು ಡಾಕ್ಟರು. ಕಾಯುವ ಸಾಲಿನಲ್ಲಿ ಎದುರು ಬೆಂಚಿನ ತುಂಬ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು ಕೂತಿದ್ದರು. ಬರೆಯಲು ಅದಕ್ಕಿಂತ ಒಳ್ಳೆಯ ಮುಖಗಳಿಲ್ಲ. ಚಿತ್ರದಕ್ಕನ ಕೈ ಚೀಲದೊಳಗೆ ಹೋಯಿತು. ಆಮೇಲೆ ಎದುರಿನ ಮುದುಕನನ್ನು, "ತಾತ, ನಿಮ್ಮ ಚಿತ್ರ ಬರೀಲಾ?" ಎಂದು ಕೇಳಿದಳು. ಹಾಗೆ ಕೇಳಿದ್ದು ಜನ್ಮದಲ್ಲಿ ಅದೇ ಮೊದಲು. ಅವನು ಬೇಡ ಎಂದ. ಅವಳು ಪುಸ್ತಕವನ್ನು ಒಳಗಿಟ್ಟಳು. ಪಕ್ಕದಲ್ಲಿದ್ದ ಟೈಲರಮ್ಮ ಅದನ್ನು ಕೇಳಿಸಿಕೊಂಡಳು.

ಪುಸ್ತಕ ಬೇಗ ಖರ್ಚಾಗಿ ಎರಡನೆಯ ಮುದ್ರಣಕ್ಕೆ ಬಂತು. ಚಿತ್ರದಕ್ಕ ಮುಖ ಬದಲಾಯಿಸುತ್ತೇನೆ ಎಂದಾಗ ಸಂಪಾದಕಿ ಕೂಗಾಡಿದಳು, ಕೊನೆಗೆ ಸೋತಳು. ಹೊಸ ಮುದುಕಿಗೆ ಪಿನ್ನಿಲ್ಲ, ಮೂಗು ಗಿಣಿಯದು, ಕಣ್ಣು ಗೂಬೆಯದು. ಮಕ್ಕಳು ಹೆದರಿದರು, ಒಂದಿಷ್ಟು ಮಾತ್ರ.

"ಮೊದಲಿನದೇ ಚೆನ್ನಾಗಿತ್ತು," ಎಂದಳು ಸಂಪಾದಕಿ.

"ಗೊತ್ತು," ಎಂದಳು ಚಿತ್ರದಕ್ಕ.

ಮೊದಲ ಮುದ್ರಣದ ಪ್ರತಿಗಳು ಊರೂರ ಕಪಾಟುಗಳಲ್ಲಿ ಹಾಗೇ ಇದ್ದವು. ಅದಕ್ಕೇನೂ ಮಾಡುವಂತಿರಲಿಲ್ಲ. ಚಿನಕುರಳಿ ಅಂಗಡಿಗೆ ಮತ್ತೆ ಬರತೊಡಗಿದಳು. ಆದರೆ ಅಜ್ಜಿ ಬಾಯಿಗೆ ಪಿನ್ನು ಇಟ್ಟುಕೊಂಡರೆ, "ತೆಗಿ ಅಜ್ಜಿ," ಎನ್ನುತ್ತಿದ್ದಳು. ಅಜ್ಜಿ ತೆಗೆಯುತ್ತಿದ್ದಳು.

ಪೊರೆ ತೆಗೆಸಿ ಟೈಲರಮ್ಮನ ಕಣ್ಣಿನ ಪಟ್ಟಿ ಬಿಚ್ಚಿದ ಮೂರನೆಯ ವಾರ ಚಿತ್ರದಕ್ಕ ಹೊಸ ಅಂಗಿಗೆ ಅಳತೆ ಕೊಡಲು ಮುಂದಿನ ಮೆಟ್ಟಿಲಿನಿಂದಲೇ ಇಳಿದು ಹೋದಳು. ಟೈಲರಮ್ಮ ಹೆಗಲಿಗೆ ಟೇಪು ಹಿಡಿದವಳು ಅರ್ಧಕ್ಕೇ ನಿಲ್ಲಿಸಿ, ಅವಳ ಗದ್ದ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿದಳು. ಹಣೆಯಿಂದ ಗದ್ದದವರೆಗೆ ನಿಧಾನವಾಗಿ ನೋಡಿದಳು. ಚಿತ್ರದಕ್ಕನಿಗೆ ಕಣ್ಣು ಎಲ್ಲಿಡಬೇಕೋ ತಿಳಿಯಲಿಲ್ಲ.

"ಅಯ್ಯೋ," ಎಂದಳು ಟೈಲರಮ್ಮ. "ನಿನಗೆ ಇಷ್ಟೊಂದು ನರೆಗೂದಲು ಯಾವಾಗ ಬಂತೇ? ಅಲ್ಲಾಡಬೇಡ, ನೆಟ್ಟಗೆ ನಿಲ್ಲು."